ಹಾಡಿಸಿದವನೇ ಕಂಠ ಕಟ್ಟಿದರೆ ಅವನನ್ನು ನಂಬುವುದು ಹೇಗೆ?

ತುಂಗಾತೀರದವಳು

ಎಲ್ಲರಿಗೂ ನಮಸ್ಕಾರ. ಈ ಜಾಲವೇದಿಕೆಯಲ್ಲಿ ಆರು ವರ್ಷಗಳಿಂದ ಇದ್ದೇನೆ. ದೇವರನಾಮಗಳ ಪಾಠಾಂತರ, ರಾಗ, ಸುಳಾದಿಯ ತಾಳ ಇಂಥವನ್ನು ಕೇಳಿದವರಿಗೆ ನನಗೆ ಗೊತ್ತಿದ್ದಷ್ಟು ಹೇಳುತ್ತ ಬಂದವಳು. ಇವತ್ತು ನಾನೇ ಕೇಳಲು ಬಂದಿದ್ದೇನೆ.

ಹದಿನಾಲ್ಕು ತಿಂಗಳ ಹಿಂದೆ ನನಗೆ ಥೈರಾಯ್ಡ್ ಗ್ರಂಥಿಯ ಶಸ್ತ್ರಚಿಕಿತ್ಸೆ ಆಯಿತು. ಗಂಟು ದೊಡ್ಡದಾಗಿತ್ತು, ತೆಗೆಯದೆ ಗತಿಯಿರಲಿಲ್ಲ. ಎಚ್ಚರವಾದಾಗ ಮಗಳನ್ನು ಕರೆಯಲು ಬಾಯಿ ತೆರೆದೆ. ಬರೀ ಗಾಳಿ ಬಂತು. ಎಡಗಡೆಯ ಧ್ವನಿತಂತು ಅಲುಗಾಡುತ್ತಿಲ್ಲ ಎಂದು ಆಮೇಲೆ ತಿಳಿಯಿತು. ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಹೀಗಾಗುವ ಸಾಧ್ಯತೆ ಇದೆ ಎಂದು ಮೊದಲೇ ಹೇಳಿಯೇ ಸಹಿ ಹಾಕಿಸಿಕೊಂಡಿದ್ದರು.

ಈಗ ಮಾತು ಬರುತ್ತದೆ. ಫೋನಿನಲ್ಲಿ ಎದುರಿನವರು ‘ಸ್ವಲ್ಪ ಜೋರಾಗಿ ಹೇಳಿ’ ಎನ್ನುವಷ್ಟು ಬರುತ್ತದೆ. ಹಾಡು ಬರುವುದಿಲ್ಲ. ಐದೂವರೆ ಮನೆಯ ಎತ್ತರದ ಶ್ರುತಿಯಲ್ಲಿ ಮೂವತ್ತೊಂದು ವರ್ಷ ಹಾಡಿದವಳಿಗೆ ಈಗ ಮಧ್ಯಸ್ಥಾಯಿಯ ಪಂಚಮ ಮುಟ್ಟುವುದೇ ಕಷ್ಟ. ಪಲ್ಲವಿಯ ಒಂದು ಸಾಲು ಮುಗಿಯುವ ಮೊದಲೇ ಉಸಿರು ಮುಗಿಯುತ್ತದೆ.

ನಾನು ಕಛೇರಿ ಮಾಡುವ ಕಲಾವಿದೆ ಅಲ್ಲ. ಗುರುವಾರ ಸಂಜೆ ಮಠದ ಹಿಂದಿನ ಹಜಾರದಲ್ಲಿ ಸೇರುವ ಹನ್ನೆರಡು ಜನ ಹೆಂಗಸರ ಭಜನಾ ಮಂಡಳಿಯವಳು. ಬೆಳಗ್ಗೆ ಒಲೆ ಹಚ್ಚುವ ಮೊದಲು ಒಂದು ಉಗಾಭೋಗ, ರಾತ್ರಿ ಹಾಲು ಹೆಪ್ಪು ಹಾಕಿದ ಮೇಲೆ ಒಂದು ಪದ. ಬಾಣಂತನದಲ್ಲಿ, ಅತ್ತೆ ಹಾಸಿಗೆ ಹಿಡಿದಿದ್ದಾಗ, ನಮ್ಮ ಮನೆಯವರು ತೀರಿಕೊಂಡ ವರ್ಷ ಕೂಡ ಅದು ತಪ್ಪಲಿಲ್ಲ. ನಾನು ದೇವರೊಡನೆ ಮಾತನಾಡಿದ್ದೆಲ್ಲ ಹಾಡಿನಲ್ಲೇ. ಹಾಡಿಲ್ಲದೆ ಅವನ ಎದುರು ನಿಂತರೆ ಏನು ಹೇಳಬೇಕೆಂದು ತೋಚುವುದಿಲ್ಲ, ಕೈಮುಗಿದು ಸುಮ್ಮನೆ ಹಿಂದಕ್ಕೆ ಬರುತ್ತೇನೆ.

ದೇವರು ಇದ್ದಾನೋ ಇಲ್ಲವೋ ಎಂಬುದು ನನ್ನ ಪ್ರಶ್ನೆಯಲ್ಲ. ಇದ್ದಾನೆ. ಆದರೆ ಇಷ್ಟು ವರ್ಷ ತನ್ನ ಹೆಸರನ್ನೇ ಹಾಡಿದ ಕಂಠವನ್ನು ಕಟ್ಟಿದವನನ್ನು ‘ನೀನು ನನಗೆ ಕೇಡು ಮಾಡುವವನಲ್ಲ’ ಎಂದು ಹೇಗೆ ನಂಬಲಿ? ಪುಷ್ಯ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ ಬರುತ್ತಿದೆ. ಕಳೆದ ವರ್ಷ ಹೋಗಲಿಲ್ಲ. ಈ ಸಲ ಹೋಗಬೇಕೋ ಬೇಡವೋ ತಿಳಿಯುತ್ತಿಲ್ಲ. ಇಂಥದ್ದನ್ನು ಅನುಭವಿಸಿದವರು ಯಾರಾದರೂ ಇದ್ದರೆ ಬರೆಯಿರಿ.

ಕಿಟ್ಟಣ್ಣ_ಹೊಳೆನರಸೀಪುರ

ಅಮ್ಮಾ, ಎಲ್ಲವೂ ಪ್ರಾರಬ್ಧ. ಅನುಭವಿಸಿ ತೀರಿಸಬೇಕು. ಆಗುವುದೆಲ್ಲ ಒಳ್ಳೆಯದಕ್ಕೇ ಎಂದು ಧೈರ್ಯ ತಂದುಕೊಳ್ಳಿ.

ಚೌಕಿಮನೆ

ಅಕ್ಕಾ, ನಾನು ಯಕ್ಷಗಾನದ ತೆಂಕುತಿಟ್ಟಿನ ಮೇಳವೊಂದರಲ್ಲಿ ಹತ್ತೊಂಬತ್ತು ತಿರುಗಾಟ ಮುಗಿಸಿದವನು. ಪುಂಡುವೇಷ. ಅಭಿಮನ್ಯು, ಬಬ್ರುವಾಹನ ಇಂಥವು. ಪುಂಡುವೇಷವೆಂದರೆ ದಿಗಿಣ, ಅಂದರೆ ಹಾರಿ ತಿರುಗುವ ಕುಣಿತ; ದಿಗಿಣವೆಂದರೆ ಮಂಡಿ. ನಲವತ್ತೊಂದನೇ ವಯಸ್ಸಿಗೆ ಎರಡೂ ಮಂಡಿಗಳ ಮೃದ್ವಸ್ಥಿ ಸವೆದುಹೋಗಿದೆ ಎಂದು ಗೊತ್ತಾಯಿತು. ಇನ್ನು ಕುಣಿದರೆ ಐವತ್ತಕ್ಕೆ ಮೆಟ್ಟಿಲು ಹತ್ತಲಾಗದು ಎಂದರು. ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವುದು ನಮ್ಮ ಕ್ರಮ, ದೀಪಾವಳಿ ಕಳೆದ ಮೇಲೆ ಮತ್ತೆ ಕಟ್ಟುತ್ತೇವೆ. ಆ ವರ್ಷ ಬಿಚ್ಚಿದವನು ಮತ್ತೆ ಕಟ್ಟಲಿಲ್ಲ.

ನಮ್ಮದು ಹರಕೆಯಾಟ. ಯಾರದೋ ಮನೆಯಲ್ಲಿ ಮಗು ಹುಟ್ಟಿತು, ಯಾರದೋ ಕಾಯಿಲೆ ವಾಸಿಯಾಯಿತು ಎಂದು ದೇವಿಗೆ ಆಟ ಆಡಿಸುತ್ತಾರೆ. ಅಂದರೆ ಊರಿನವರ ಹರಕೆಯನ್ನೆಲ್ಲ ನಾನು ಕುಣಿದು ತೀರಿಸಿದ್ದೇನೆ. ನನ್ನ ಮಂಡಿಗೆ ಯಾರ ಹರಕೆಯೂ ಇಲ್ಲವೇ ಎಂದು ಅವಳ ಮುಂದೆಯೇ ನಿಂತು ಕೇಳಿದ್ದೇನೆ, ಗಟ್ಟಿಯಾಗಿ. ಅರ್ಚಕರು ಕೇಳಿಸಿಕೊಂಡರೂ ಏನೂ ಹೇಳಲಿಲ್ಲ. ಅದು ಅವರ ದೊಡ್ಡತನ.

ಎರಡು ವರ್ಷ ನಾನು ಆಟ ನಡೆಯುವ ಊರಿನ ದಾರಿಯನ್ನೂ ಹಿಡಿಯುತ್ತಿರಲಿಲ್ಲ. ಸಂಜೆ ದೂರದಲ್ಲಿ ಆಟವಿದೆಯೆಂದು ಸಾರಲು ಬಾರಿಸುವ ಚೆಂಡೆಯ ಸದ್ದು ಬಂದರೆ ಕಿಟಕಿ ಮುಚ್ಚುತ್ತಿದ್ದೆ. ನೀವು ಆರಾಧನೆಗೆ ಹೋಗಲಿಲ್ಲ ಎಂದದ್ದು ಓದಿದಾಗ ಆ ಕಿಟಕಿ ನೆನಪಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಆಮೇಲೆ ಒಬ್ಬರು ಹಿರಿಯ ಭಾಗವತರು ಮನೆಗೆ ಬಂದು, ತಾಳಮದ್ದಳೆಗೆ ಒಬ್ಬ ಅರ್ಥಧಾರಿ ಕಡಿಮೆಯಾಗಿದ್ದಾನೆ, ಕುಳಿತು ಮಾತನಾಡಲು ಮಂಡಿ ಬೇಡ ಎಂದು ಕರೆದುಕೊಂಡು ಹೋದರು. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಮೊದಲ ರಾತ್ರಿ ಅಭಿಮನ್ಯುವಿನ ಅರ್ಥ ಹೇಳುತ್ತ ನನ್ನ ಕಾಲು ತಾನಾಗಿಯೇ ಅಲುಗುತ್ತಿತ್ತು, ಕೈಯಿಂದ ಒತ್ತಿ ಹಿಡಿದಿದ್ದೆ. ಸುಳ್ಳು ಹೇಳುವುದಿಲ್ಲ ಅಕ್ಕಾ, ಅದು ಕುಣಿತದ ಜಾಗವನ್ನು ತುಂಬಲಿಲ್ಲ. ಇವತ್ತಿಗೂ ತುಂಬಿಲ್ಲ. ಆದರೆ ಹತ್ತೊಂಬತ್ತು ವರ್ಷ ಅಭಿಮನ್ಯುವಾಗಿ ಹಾರಿದವನು ಅವನು ಏಕೆ ಚಕ್ರವ್ಯೂಹದೊಳಗೆ ಹೋದ ಎಂದು ಯೋಚಿಸಿದ್ದು ಕುಳಿತ ಮೇಲೆಯೇ. ಹೊರಬರುವ ದಾರಿ ತಿಳಿಯದವನು, ತಿಳಿಯದೆಂದು ಗೊತ್ತಿದ್ದೂ ಹೋದವನು. ನಂಬಿಕೆಯ ವಿಷಯದಲ್ಲಿ ನನಗೆ ಗೊತ್ತಿರುವುದು ಅಷ್ಟೇ.

ಕಹಿಬೇವು

ಮೇಲೆ ‘ಆಗುವುದೆಲ್ಲ ಒಳ್ಳೆಯದಕ್ಕೇ’ ಎಂದು ಬರೆದವರಿಗೆ ಒಂದು ವಿನಂತಿ. ಈ ಮಾತನ್ನು ನೋವಿನಲ್ಲಿರುವವರಿಗೆ ದಯವಿಟ್ಟು ಹೇಳಬೇಡಿ. ನಾನು ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡಬೇಕೆಂದಿದ್ದವನು. ಪಶ್ಚಿಮ ಘಟ್ಟದ ಆರ್ಕಿಡ್‌ಗಳೆಂದರೆ ಪ್ರಾಣ. ಅಪ್ಪನಿಗೆ ಪಾರ್ಶ್ವವಾಯು ಹೊಡೆದಾಗ ಅರ್ಧಕ್ಕೆ ಬಿಟ್ಟು ಬಂದು ದಾವಣಗೆರೆಯಲ್ಲಿ ಅಂಗಡಿ ನೋಡಿಕೊಳ್ಳುತ್ತಿದ್ದೇನೆ, ಹನ್ನೊಂದು ವರ್ಷವಾಯಿತು. ಬಂದವರೆಲ್ಲ ‘ಒಳ್ಳೆಯದಕ್ಕೇ ಆಯಿತು, ತಂದೆ ಸೇವೆ ಸಿಕ್ಕಿತು’ ಎನ್ನುತ್ತಾರೆ. ಅಪ್ಪನ ಸೇವೆ ನಾನು ಪ್ರೀತಿಯಿಂದಲೇ ಮಾಡಿದ್ದೇನೆ. ಅದಕ್ಕಾಗಿ ಕಳೆದುಕೊಂಡದ್ದು ಒಳ್ಳೆಯದಾಗಿಬಿಡುವುದಿಲ್ಲ. ನನಗೆ ನಂಬಿಕೆ ಉಳಿಯಲಿಲ್ಲ. ಆದರೂ ಈ ತಾಯಿಯ ಮಾತು ಓದಿ ಎದ್ದು ಹೋಗಲಾಗಲಿಲ್ಲ.

ಮಠದ ಬೀದಿ

ನನಗೆ ಎಪ್ಪತ್ತಮೂರು. ಸ್ವಲ್ಪ ಓದಿಕೊಂಡವನು ಎಂಬ ಸಲುಗೆಯಿಂದ ಎರಡು ಮಾತು.

ತಂಗೀ, ಭಾಗವತದ ಏಳನೇ ಸ್ಕಂಧದಲ್ಲಿ ಪ್ರಹ್ಲಾದನು ಒಂಬತ್ತು ಬಗೆಯ ಭಕ್ತಿಯನ್ನು ಹೇಳುತ್ತಾನಲ್ಲ, ಅದರಲ್ಲಿ ಮೊದಲನೆಯದು ಶ್ರವಣ. ಕೀರ್ತನ ಎರಡನೆಯದು. ಕೇಳುವುದು ಹಾಡುವುದಕ್ಕಿಂತ ಮೊದಲು ಬಂದಿದೆ. ಮೂರನೆಯದು ಸ್ಮರಣ, ಅದಕ್ಕೆ ಕಂಠವೇ ಬೇಡ. ಒಂಬತ್ತರಲ್ಲಿ ಒಂದು ಮುಚ್ಚಿದೆ, ಎಂಟು ತೆರೆದಿವೆ.

ಉಡುಪಿಯಲ್ಲಿ ಕನಕದಾಸರಿಗೆ ಒಳಗೆ ಪ್ರವೇಶ ಸಿಗದಿದ್ದಾಗ ಕೃಷ್ಣನೇ ತಿರುಗಿ ಗೋಡೆ ಬಿರಿದು ದರ್ಶನ ಕೊಟ್ಟ ಕಥೆ ನಿಮಗೆ ಹೇಳಬೇಕಾಗಿಲ್ಲ. ದಾರಿ ಮುಚ್ಚಿದಲ್ಲಿ ಅವನು ಕಿಂಡಿ ಮಾಡುತ್ತಾನೆ.

ತುಂಗಾತೀರದವಳು

ಹಿರಿಯರಿಗೆ ನಮಸ್ಕಾರ. ಶ್ರವಣವೇ ಮೊದಲು ಎಂದು ಮಂಡಳಿಗೆ ಹೊಸದಾಗಿ ಬಂದ, ರಾಗ ಹಿಡಿಯಲು ಬಾರದ ಹುಡುಗಿಯರಿಗೆ ನಾನೇ ಹೇಳುತ್ತಿದ್ದೆ. ‘ಚಿಂತೆಯಿಲ್ಲ, ಕೂತು ಕೇಳು, ಅದೂ ಸೇವೆಯೇ’ ಎಂದು. ಎಷ್ಟು ಸುಲಭವಾಗಿ ಹೇಳುತ್ತಿದ್ದೆ! ಈಗ ಕೇಳುವುದೇ ನನಗೆ ಹೆಚ್ಚು ಕಷ್ಟ. ಬೇರೆಯವರು ಹಾಡುವಾಗ ನನ್ನ ಗಂಟಲು ಒಳಗೊಳಗೇ ಆ ಸ್ವರಕ್ಕೆ ಏರಲು ಹೋಗಿ ಬಿಗಿಯುತ್ತದೆ. ಚೌಕಿಮನೆ ಅಣ್ಣ ಕಾಲನ್ನು ಕೈಯಿಂದ ಒತ್ತಿ ಹಿಡಿದೆ ಎಂದದ್ದು ಅದೇ. ಅದನ್ನು ಓದಿ ತುಂಬ ಹೊತ್ತು ಅತ್ತೆ.

ಕಿಂಡಿಯ ಕಥೆಯ ಬಗ್ಗೆ ಈ ಒಂದು ವರ್ಷದಲ್ಲಿ ಬಹಳ ಯೋಚಿಸಿದ್ದೇನೆ. ಚಿಕ್ಕವಳಿದ್ದಾಗ ಅದು ಗೆದ್ದ ಕಥೆ ಎನಿಸುತ್ತಿತ್ತು. ಈಗ ಬೇರೆಯದೊಂದು ಕಾಣುತ್ತದೆ. ಗೋಡೆ ಬಿರಿದದ್ದು ಕಿಂಡಿಯಷ್ಟು ಮಾತ್ರ. ಕನಕದಾಸರು ಹೊರಗೇ ಉಳಿದರು. ದೇವರು ಮುಖ ತಿರುಗಿಸಿದ, ಆದರೂ ಅವರು ನಿಂತದ್ದು ಬೀದಿಯಲ್ಲೇ. ಇದನ್ನು ಕೊರತೆಯಾಗಿ ಹೇಳುತ್ತಿಲ್ಲ. ಅಷ್ಟರಲ್ಲೇ ಅವರಿಗೆ ಹೇಗೆ ಸಾಕಾಯಿತು ಎಂದು ತಿಳಿಯಬೇಕೆನಿಸುತ್ತದೆ.

ಕಹಿಬೇವು ಅವರೇ, ಎದ್ದು ಹೋಗದೆ ಉಳಿದದ್ದಕ್ಕೆ ಕೃತಜ್ಞಳು. ಆರ್ಕಿಡ್‌ಗೆ ನಮ್ಮ ಕಡೆ ಸೀತಾಳೆ ದಂಡೆ ಎನ್ನುತ್ತಾರೆ. ಮಳೆಗಾಲದಲ್ಲಿ ನಮ್ಮ ಹಿತ್ತಲಿನ ಹಲಸಿನ ಮರದ ಮೇಲೆ ಬಿಡುತ್ತದೆ. ಈ ಸಲ ಬಿಟ್ಟಾಗ ನಿಮ್ಮನ್ನು ನೆನೆಯುತ್ತೇನೆ.

ಕಹಿಬೇವು

ಅಮ್ಮಾ, ಹಲಸಿನ ಮರದ ಮೇಲಿನದ್ದು ಬಹುಶಃ ನರಿಬಾಲದ ಆರ್ಕಿಡ್, ಗೊಂಚಲು ಉದ್ದಕ್ಕೆ ಜೋತುಬಿದ್ದಿದ್ದರೆ. ಸಾಧ್ಯವಾದರೆ ಒಂದು ಚಿತ್ರ ಹಾಕಿ. ಇದನ್ನು ಬರೆಯುವಾಗ ಎಷ್ಟೋ ವರ್ಷಗಳ ಮೇಲೆ ಸಂತೋಷವಾಯಿತು.

ವಾಕ್_ಚಿಕಿತ್ಸಕಿ

ನಾನು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಓದಿದವಳು. ನಂಬಿಕೆಯ ಬಗ್ಗೆ ಹೇಳುವ ಯೋಗ್ಯತೆ ನನಗಿಲ್ಲ, ಗಂಟಲಿನ ಬಗ್ಗೆ ಹೇಳಬಲ್ಲೆ.

ಧ್ವನಿತಂತುಗಳನ್ನು ಆಡಿಸುವ ನರ ನೇರವಾಗಿ ಗಂಟಲಿಗೆ ಬರುವುದಿಲ್ಲ. ಎಡಗಡೆಯದು ಎದೆಯೊಳಗೆ ಇಳಿದು, ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನನ್ನು ಸುತ್ತಿ, ಮತ್ತೆ ಮೇಲೆ ಬಂದು, ಥೈರಾಯ್ಡ್ ಗ್ರಂಥಿಯ ಹಿಂಬದಿಯಲ್ಲೇ ಹಾದು ಧ್ವನಿಪೆಟ್ಟಿಗೆ ಸೇರುತ್ತದೆ. ಅದಕ್ಕೇ ಆ ಗ್ರಂಥಿಯ ಶಸ್ತ್ರಚಿಕಿತ್ಸೆಯಲ್ಲಿ ಎಷ್ಟು ಎಚ್ಚರ ವಹಿಸಿದರೂ ಕೆಲವೊಮ್ಮೆ ನರಕ್ಕೆ ಪೆಟ್ಟಾಗುತ್ತದೆ. ಜಗ್ಗಿದ ನರವಾದರೆ ಕೆಲವು ತಿಂಗಳಲ್ಲಿ ತಾನೇ ಚೇತರಿಸಿಕೊಳ್ಳಬಹುದು. ಒಂದು ವರ್ಷದವರೆಗೂ ಕಾಯುವುದು ರೂಢಿ. ನಿಮಗೆ ಹದಿನಾಲ್ಕು ತಿಂಗಳಾಗಿರುವುದರಿಂದ ಈಗ ಮತ್ತೊಮ್ಮೆ ಧ್ವನಿಪೆಟ್ಟಿಗೆಯ ಪರೀಕ್ಷೆ ಮಾಡಿಸಿ.

ಒಂದು ತಂತು ನಿಂತಾಗ ಇನ್ನೊಂದು ಅದನ್ನು ಮುಟ್ಟಲಾಗದೆ ನಡುವೆ ಸಂದು ಉಳಿಯುತ್ತದೆ. ಗಾಳಿ ಸೋರುವುದು, ಉಸಿರು ಬೇಗ ಮುಗಿಯುವುದು ಅದರಿಂದಲೇ. ನಿಂತ ತಂತುವನ್ನು ಶಸ್ತ್ರಚಿಕಿತ್ಸೆಯಿಂದ ನಡುವಿಗೆ ಸರಿಸುವ ವಿಧಾನಗಳಿವೆ. ಮಾತು ಬಹಳ ಮಟ್ಟಿಗೆ ಸುಧಾರಿಸುತ್ತದೆ. ಹಾಡು ಹಳೆಯ ಮಟ್ಟಕ್ಕೆ ಬರುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಅದನ್ನು ಪೂರ್ತಿ ನಂಬಬೇಡಿ. ಬರುವುದೇ ಇಲ್ಲ ಎಂದರೂ ನಂಬಬೇಡಿ.

ಇನ್ನೊಂದು ಮುಖ್ಯ ಮಾತು: ಪಿಸುಗುಟ್ಟಬೇಡಿ, ಬಲವಂತವಾಗಿ ಒತ್ತಿಯೂ ಹಾಡಬೇಡಿ. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಗದ್ದ ತಗ್ಗಿಸಿ ಸಣ್ಣ ಗುಟುಕಾಗಿ ನುಂಗಿ, ಅದನ್ನು ವೈದ್ಯರಿಗೂ ತಿಳಿಸಿ. ಶ್ರುತಿ ಇಳಿಸಿಕೊಂಡು, ನಿಮಗೆ ಆರಾಮವೆನಿಸುವ ನಾಲ್ಕೈದು ಸ್ವರಗಳಲ್ಲಿ ಮಾತ್ರ, ಚಿಕಿತ್ಸಕರ ಎದುರು ಆರಂಭಿಸಿ.

ಬಂದರಿನ ಮಗ

ಸಹೋದರಿ, ನಿಮ್ಮ ಧರ್ಮ ಬೇರೆ, ನನ್ನದು ಬೇರೆ. ಆದರೆ ಅಬ್ಬಾನ ವಿಷಯ ಹೇಳಬೇಕೆನಿಸಿತು.

ಅಬ್ಬಾ ಮೀನಿನ ವ್ಯಾಪಾರದಲ್ಲಿ ಇಪ್ಪತ್ತು ವರ್ಷ ಕೂಡಿಟ್ಟು 2020ರ ಹಜ್‌ಗೆ ಹೆಸರು ಕೊಟ್ಟರು. ಆಯ್ಕೆಯೂ ಆಯಿತು. ಇಹ್ರಾಮ್‌ನ ಎರಡು ಬಿಳಿ ಬಟ್ಟೆ ತಂದಿಟ್ಟರು. ಆ ವರ್ಷ ಕೊರೊನಾದಿಂದ ಹೊರದೇಶದಿಂದ ಬರುವವರು ಯಾರಿಗೂ ಅವಕಾಶವಿರಲಿಲ್ಲ, ಹಣ ಹಿಂದಕ್ಕೆ ಬಂತು. 2021ರಲ್ಲಿಯೂ ಸೌದಿಯಲ್ಲಿ ಇರುವವರಿಗಷ್ಟೇ, ಅರುವತ್ತು ಸಾವಿರ ಮಂದಿಗೆ. 2022ರಲ್ಲಿ ಹೊರಗಿನವರಿಗೆ ಬಾಗಿಲು ತೆರೆಯಿತು, ಆದರೆ 65 ವರ್ಷದೊಳಗಿನವರಿಗೆ ಮಾತ್ರ. ಅಬ್ಬಾನಿಗೆ ಆಗ 66. 2023ರಲ್ಲಿ ವಯಸ್ಸಿನ ಮಿತಿ ತೆಗೆದರು. ಅಷ್ಟರಲ್ಲಿ ಅಬ್ಬಾನ ಹೃದಯ ಅರ್ಧ ಕೆಲಸ ಮಾಡುತ್ತಿತ್ತು, ಪ್ರಯಾಣ ಬೇಡವೆಂದರು.

ನಾಲ್ಕು ವರ್ಷ, ಒಂದಲ್ಲ ಒಂದು ಕಾರಣ. ನನಗೆ ಸಿಟ್ಟು ಬಂದಿತ್ತು. ಅಬ್ಬಾ ಮಾತ್ರ ‘ಬುಲಾವಾ ಬರಬೇಕು, ನಾವು ಹೋಗುವುದಲ್ಲ, ಅವನು ಕರೆಸಿಕೊಳ್ಳುವುದು’ ಎನ್ನುತ್ತಿದ್ದರು. ನಾನು ಒಮ್ಮೆ ತಡೆಯಲಾರದೆ, ಕರೆಯಲಿಲ್ಲವಲ್ಲ ಅಬ್ಬಾ ಎಂದುಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೂ ಬೇಸರವಿದೆ’ ಎಂದರು. ಅಷ್ಟೇ. ಆ ರಾತ್ರಿಯ ನಮಾಜನ್ನು ಕುರ್ಚಿಯ ಮೇಲೆ ಕೂತು ಮಾಡಿದರು, ದಿನದಂತೆ. ಬೇಸರವೂ ನಮಾಜೂ ಒಂದೇ ಮನುಷ್ಯನಲ್ಲಿ ಒಂದೇ ಹೊತ್ತಿಗೆ ಇರಬಹುದೆಂದು ನಾನು ಕಂಡದ್ದು ಅಂದು.

ಈಗ ಅವರಿಲ್ಲ. ಅವರ ಪರವಾಗಿ ಹಜ್ ಮಾಡಲು ನಮ್ಮಲ್ಲಿ ಅವಕಾಶವಿದೆ, ಮೊದಲು ನನ್ನದು ಮುಗಿದಿರಬೇಕು. ಹಣ ಕೂಡಿಡುತ್ತಿದ್ದೇನೆ. ಆ ಬಿಳಿ ಬಟ್ಟೆ ಟ್ರಂಕಿನಲ್ಲಿದೆ.

ಮೊಂತಿ ಹೂವು

ಅಕ್ಕಾ, ನಾನು ಉಡುಪಿ ಕಡೆಯವಳು. ಒಂಬತ್ತು ವರ್ಷದಿಂದ ಸೌದಿಯಲ್ಲಿ ನರ್ಸ್ ಕೆಲಸ. ಇಲ್ಲಿ ಇಗರ್ಜಿ ಇಲ್ಲ. ಊರಿನಲ್ಲಿ ಗಾಯನವೃಂದದಲ್ಲಿದ್ದವಳು ಇಲ್ಲಿ ಪೂಜೆಯನ್ನು ಮೊಬೈಲಿನಲ್ಲಿ, ಶಬ್ದ ತಗ್ಗಿಸಿ ನೋಡುತ್ತೇನೆ. ಸಾಲ ತೀರುವವರೆಗೆ ಬೇರೆ ದಾರಿಯಿಲ್ಲ.

ಸೆಪ್ಟೆಂಬರ್ 8 ನಮಗೆ ಮೊಂತಿ ಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ಕೊಡುತ್ತಾರೆ, ಅದರ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ. ಅಮ್ಮ ಪ್ರತಿವರ್ಷ ನನ್ನ ಪಾಲಿನ ನಾಲ್ಕು ಕಾಳನ್ನು ಕಾಗದದಲ್ಲಿ ಮಡಚಿ, ಊರಿನಿಂದ ಬರುವವರ ಕೈಯಲ್ಲಿ ಕಳುಹಿಸುತ್ತಾಳೆ. ಒಮ್ಮೊಮ್ಮೆ ಕ್ರಿಸ್ಮಸ್ ಹೊತ್ತಿಗೆ ತಲುಪುತ್ತದೆ. ರಾತ್ರಿಪಾಳಿ ಮುಗಿಸಿ ಬಂದು ಆ ನಾಲ್ಕು ಕಾಳನ್ನು ಹಾಲಿನಲ್ಲಿ ಹಾಕಿಕೊಂಡು ಕುಡಿಯುತ್ತೇನೆ. ನನ್ನ ಪಾಲು ತೆಗೆದಿಡುವುದನ್ನು ಅಮ್ಮ ಒಂದು ವರ್ಷವೂ ಮರೆತಿಲ್ಲ. ದೇವರ ವಿಷಯದಲ್ಲಿ ನನಗಿರುವ ಭರವಸೆ ಆ ಕಾಗದದ ಪೊಟ್ಟಣದಷ್ಟೇ ದೊಡ್ಡದು. ಅದರ ಮೇಲೆಯೇ ಒಂಬತ್ತು ವರ್ಷ ಕಳೆದಿದ್ದೇನೆ.

ಆರಾಧನೆಗೆ ಹೋಗಿ ಅಕ್ಕಾ. ನನಗೆ ಹೋಗಲು ಸಾಧ್ಯವಿದ್ದಿದ್ದರೆ ಬಾಗಿಲ ಬಳಿ ನಿಂತಾದರೂ ಬರುತ್ತಿದ್ದೆ.

ಮಠದ ಬೀದಿ

ತಂಗೀ, ನನ್ನ ಮಾತು ಪುಸ್ತಕದ್ದಾಯಿತು. ಎಂಟು ತೆರೆದಿವೆ ಎಂದು ಲೆಕ್ಕ ಹೇಳಬಾರದಿತ್ತು. ನನ್ನ ಹೆಂಡತಿ ಹೋದಾಗ ಯಾರೋ ನನಗೆ ಮಕ್ಕಳಿದ್ದಾರಲ್ಲ ಎಂದು ಎಣಿಸಿ ತೋರಿಸಿದ್ದರು. ಆಗ ನನಗೆ ಹೇಗಾಗಿತ್ತೆಂದು ನಿಮ್ಮ ಉತ್ತರ ಓದಿದ ಮೇಲೆ ನೆನಪಾಯಿತು. ಕ್ಷಮಿಸಿ.

ಕಿಟ್ಟಣ್ಣ_ಹೊಳೆನರಸೀಪುರ

ನಾನೂ ಕ್ಷಮೆ ಕೇಳುತ್ತೇನೆ ಅಮ್ಮಾ. ಏನು ಹೇಳಬೇಕೆಂದು ತಿಳಿಯದೆ ಬರೆದ ಮಾತು ಅದು.

ತುಂಗಾತೀರದವಳು

ಯಾರೂ ಕ್ಷಮೆ ಕೇಳಬೇಡಿ. ನೀವೆಲ್ಲ ಬಂದು ಕೂತಿರಲ್ಲ, ಅದೇ ದೊಡ್ಡದು.

ನಿನ್ನೆ ಆರಾಧನೆ ಆಯಿತು. ಹೋಗಿದ್ದೆ. ಏನಾಯಿತೆಂದು ನಿಮಗೆ ಹೇಳಲೇಬೇಕು.

ಹೊರಡುವಾಗ ಧೈರ್ಯವೇನೂ ಇರಲಿಲ್ಲ. ದೇವರ ಮುಂದೆ ನಿಂತು, ಬಂದರಿನ ಮಗ ಅವರ ತಂದೆಯ ಮಾತನ್ನೇ ಹೇಳಿದೆ: ‘ನನಗೆ ಬೇಸರವಿದೆ.’ ಹಾಡಿಲ್ಲದೆ ನಾನು ಅವನಿಗೆ ಹೇಳಿದ ಮೊದಲ ಮಾತು ಬಹುಶಃ ಅದೇ. ಹೇಳಿ ಸೀರೆ ಉಟ್ಟು ಹೊರಟೆ.

ಹಜಾರದಲ್ಲಿ ಕೊನೆಯ ಸಾಲಿನಲ್ಲಿ, ಚಪ್ಪಲಿ ಬಿಡುವ ಬಾಗಿಲ ಹತ್ತಿರ ಕೂತೆ. ಎದ್ದು ಹೋಗಲು ಸುಲಭವಾಗಲಿ ಎಂದು. ನಮ್ಮ ಮಂಡಳಿಯ ಸರದಿ ಮೂರನೆಯದು. ಅವರು ಬಂದು ಕೂತರು, ಶ್ರುತಿಪೆಟ್ಟಿಗೆ ಹಾಕಿದರು. ಮೂವತ್ತೊಂದು ವರ್ಷ ಕೇಳಿದ ಶ್ರುತಿ, ಕಿವಿಗೆ ತಕ್ಷಣ ಗೊತ್ತಾಯಿತು. ಅದು ಐದೂವರೆ ಆಗಿರಲಿಲ್ಲ. ಮೂರು ಮನೆ.

ಮೊದಲು ಯಾರೋ ತಪ್ಪಿ ತಿರುಗಿಸಿದ್ದಾರೆ ಎಂದುಕೊಂಡೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಶುರುಮಾಡಿದರು. ಹನ್ನೊಂದು ಜನ ಹೆಂಗಸರು ಆ ತಗ್ಗಿನಲ್ಲಿ ಹಾಡುತ್ತಿದ್ದರು. ನಮ್ಮ ಮಂಡಳಿಯ ಹಿರಿಯರಿಗೆ ಎಪ್ಪತ್ತೆಂಟು ವರ್ಷ, ಸಣ್ಣ ಎಳೆಯ ದನಿ. ಅವರಿಗೆ ಮಂದ್ರದ ಸ್ವರಗಳು ಸಿಗಲೇ ಇಲ್ಲ, ಅಲ್ಲೆಲ್ಲ ಬರೀ ತುಟಿ ಆಡಿಸುತ್ತಿದ್ದರು. ಆಡಿಸುತ್ತಲೇ ನನ್ನ ಕಡೆ ನೋಡಿದರು. ಯಾರೂ ಕೈ ಬೀಸಿ ಕರೆಯಲಿಲ್ಲ. ಮುಂದಿನ ಸಾಲಿನಲ್ಲಿ ನನ್ನ ಜಾಗದಲ್ಲಿ ಒಂದು ಜೊತೆ ತಾಳ ಇಟ್ಟಿತ್ತು.

ಹೋಗಿ ಕೂತೆ. ಪಲ್ಲವಿ ಮಾತ್ರ, ಅದೂ ಅರ್ಧ ಸಾಲಿಗೊಮ್ಮೆ ಉಸಿರು ತೆಗೆದುಕೊಂಡು. ದನಿ ಒಡೆಯಿತು, ಒಂದು ಕಡೆ ಕೆಮ್ಮು ಬಂತು, ಅನುಪಲ್ಲವಿಗೆ ಬಿಟ್ಟುಬಿಟ್ಟೆ, ತಾಳ ಹಾಕಿದೆ. ಚೆನ್ನಾಗಿ ಹಾಡಿದೆ ಎಂದು ಯಾರೂ ಹೇಳಲಿಲ್ಲ, ಹೇಳಿದ್ದರೆ ನನಗೆ ನೋವಾಗುತ್ತಿತ್ತು. ಮಂಗಳಾರತಿ ಆದ ಮೇಲೆ ಹಿರಿಯರ ಹತ್ತಿರ ಹೋಗಿ, ನನಗೋಸ್ಕರ ಶ್ರುತಿ ಇಳಿಸಬೇಡಿ ಅಮ್ಮ, ನಿಮಗೆ ಹಾಡಲಾಗುತ್ತಿಲ್ಲ ಎಂದೆ. ಅವರು ಪ್ರಸಾದದ ದೊನ್ನೆಯನ್ನು ನನ್ನ ಕೈಗೆ ಕೊಟ್ಟು, ‘ಮುಂದಿನ ಗುರುವಾರ ನಾಲ್ಕಕ್ಕೆ ಹಾಕೋಣ. ಇಬ್ಬರಿಗೂ ಅರ್ಧರ್ಧ ಸಿಗುತ್ತದೆ’ ಎಂದರು.

ವಾಕ್ ಚಿಕಿತ್ಸಕಿ ಮೇಡಂ, ಬರುವ ತಿಂಗಳು ಮೈಸೂರಿಗೆ ಬರುತ್ತಿದ್ದೇನೆ. ಕಹಿಬೇವು ಅವರೇ, ಮರದ ಚಿತ್ರ ಮಳೆ ಬಂದ ಮೇಲೆ.

ಮೊಂತಿ ಹೂವು

ಪಾಳಿಯ ನಡುವೆ ಓದಿದೆ ಅಕ್ಕಾ. ಗುರುವಾರ ನಾಲ್ಕು ಮನೆಯಲ್ಲಿ ಹೇಗಾಯಿತು ಬರೆಯಿರಿ.